ಏಳನೇ ಚೌಕದ ತಾಯಿ

ಮೇ 14, ಭಾನುವಾರ

ಎವಾರಿಸ್ತೋ ಏಣಿಯಿಂದ ಬಿದ್ದ. ಬಲಗೈ ಮಣಿಕಟ್ಟು ಮುರಿದಿದೆ. ನನ್ನ ಮಗನಿಗೆ ಐವತ್ತು ವರ್ಷ. ರಬ್ಬರು ಚಪ್ಪಲಿ ಮೆಟ್ಟಿಕೊಂಡು ಆಲಿವ್ ಮರಕ್ಕೆ ಏಣಿ ಹಾಕಬಾರದು ಎಂದು ಹೇಳಿಕೊಡುವ ವಯಸ್ಸಲ್ಲ. ತಾಯಂದಿರ ದಿನವೆಂದು ಸೊಸೆ ಲುಚಿಲ್ಲಾ ಮಾಡಿದ್ದ ಕೇಕನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಿಂದೆವು. ನಿಂಬೆ ಜಾಸ್ತಿಯಾಗಿತ್ತು.

ಆರು ವಾರ ಪಟ್ಟಿ ಬಿಚ್ಚುವಂತಿಲ್ಲವಂತೆ. ಪಾದ್ರಿ ಪರಮ ಪ್ರಸಾದದ ರೊಟ್ಟಿಯನ್ನು ಮೆರವಣಿಗೆಯಲ್ಲಿ ಒಯ್ಯುವ ಹಬ್ಬಕ್ಕೆ ಉಳಿದಿರುವುದು ನಾಲ್ಕೇ ವಾರ. ಆ ಮೆರವಣಿಗೆ ನಡೆದು ಹೋಗಲೆಂದು ಚರ್ಚಿನ ಬೀದಿಗೆ ಹಾಸುವ ಹೂವಿನ ಚಿತ್ರಗಳಲ್ಲಿ ಏಳನೇ ಚೌಕ ನನ್ನ ಅಜ್ಜನ ಕಾಲದಿಂದ ನಮ್ಮ ಮನೆಯದು. ಅಜ್ಜ ಬಿಡಿಸಿದ, ಅಪ್ಪ ಬಿಡಿಸಿದ, ಅಪ್ಪ ಹೋದಮೇಲೆ ಎವಾರಿಸ್ತೋ ಬಿಡಿಸುತ್ತಿದ್ದ. ಹೂವು ತುಂಬುವುದನ್ನು ಯಾರಾದರೂ ಮಾಡಿಯಾರು, ಮೊದಲು ಚಿತ್ರ ಆಗಬೇಕು. ಈ ಸಲದ ವಿಷಯ ‘ನಮ್ಮ ನೆಲದ ಹಳೆಯ ತಾಯಂದಿರು’. ಇಪ್ಪತ್ತನೇ ತಾರೀಕಿನೊಳಗೆ ಚಿತ್ರ ಕೊಡದಿದ್ದರೆ ಸಮಿತಿಯವರು ನಮ್ಮ ಚೌಕವನ್ನು ಸೈಕಲ್ ಸಂಘಕ್ಕೆ ಕೊಡುತ್ತಾರೆ.

ಎಂಟನೇ ಚೌಕದ ಯೋಲೆ ಆಗಲೇ ಬಂದು ಕೈ ಹೇಗಿದೆ ಎಂದು ವಿಚಾರಿಸಿಕೊಂಡು ಹೋದಳು. ಅವಳು ವಿಚಾರಿಸಿದ್ದು ಕೈಯನ್ನಲ್ಲ.

ಮೇ 17, ಬುಧವಾರ

ನಾನೇ ಬಿಡಿಸಲು ಕೂತೆ. ಹೈಸ್ಕೂಲಿನಲ್ಲಿ ಚಿತ್ರಕಲೆಗೆ ನನಗೆ ಒಳ್ಳೆಯ ಅಂಕ ಬರುತ್ತಿತ್ತು. ಎರಡು ಗಂಟೆಯ ಮೇಲೆ ನೋಡಿದರೆ ಹಾಳೆಯ ತುಂಬ ಶಾಲು ಹೊದ್ದ ಆಲೂಗಡ್ಡೆ. ಹರಿದು ಒಲೆಗೆ ಹಾಕಿದೆ.

ಆಗ ಲುಚಿಲ್ಲಾ ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆ, “ಅತ್ತೆ, ಡೋರಿಯಾನಾ ಇದಾಳಲ್ಲ” ಅಂದಳು.

ಮೂವತ್ತೆರಡು ವರ್ಷಗಳಿಂದ ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಡೋರಿಯಾನಾ ನನ್ನ ತಂಗಿ ನಿವೆಸ್‌ಳ ಮಗಳು. ಕೆಳಗೆ ಬಯಲಿನಲ್ಲಿ, ಲತೀನಾ ಪಟ್ಟಣದಲ್ಲಿದ್ದಾಳೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳಂತೆ. ಲುಚಿಲ್ಲಾ ಅವಳ ಜೊತೆ ವರ್ಷಗಳಿಂದ ಫೋನಿನಲ್ಲಿ ಮಾತಾಡಿಕೊಂಡಿದ್ದಾಳೆ, ಅಡಿಗೆ ಹೇಳಿಸಿಕೊಳ್ಳುತ್ತಾಳೆ. ಕೇಕಿನಲ್ಲಿ ನಿಂಬೆ ಯಾಕೆ ಜಾಸ್ತಿ ಎಂದು ಈಗ ಗೊತ್ತಾಯಿತು. ನಿವೆಸ್ ಯಾವಾಗಲೂ ಹಾಗೇ ಹಾಕುತ್ತಿದ್ದಳು.

ಚೌಕ ಸೈಕಲ್ ಸಂಘಕ್ಕೇ ಹೋಗಲಿ ಎಂದೆ.

ನನಗೂ ನಿವೆಸ್‌ಗೂ ಜಗಳವೇನೂ ಆಗಿರಲಿಲ್ಲ. ಅವಳು ಊರು ಬಿಟ್ಟಳು. ಬಿಡುವವರು ಬಿಡುತ್ತಾರೆ. ಕಳೆದ ನವೆಂಬರಿನಲ್ಲಿ ತೀರಿಕೊಂಡಳು. ಮಂಡಿನೋವಿನಿಂದ ಮಣ್ಣಿಗೆ ಹೋಗಲಾಗಲಿಲ್ಲ. ದೊಡ್ಡ ಹೂಮಾಲೆ ಕಳಿಸಿದ್ದೆ, ಪಟ್ಟಿಯ ಮೇಲೆ ಮನೆಯ ಹೆಸರು ಹಾಕಿಸಿ.

ಮೇ 20, ಶನಿವಾರ

ನನ್ನನ್ನು ಕೇಳದೆ ಡೋರಿಯಾನಾಳಿಂದ ಚಿತ್ರ ತರಿಸಿ, ಬೆಳಿಗ್ಗೆ ಹನ್ನೊಂದಕ್ಕೇ ಸಮಿತಿಗೆ ಕೊಟ್ಟು ಬಂದಿದ್ದಾರೆ. ಕೊಟ್ಟದ್ದು ಲುಚಿಲ್ಲಾ. ಎವಾರಿಸ್ತೋ ನನಗೆ ಎದುರಾಗದಿರಲೆಂದು ಹೊಗೆಸೊಪ್ಪಿನ ಅಂಗಡಿಗೆ ಹೋಗಿ ಕೂತ. ಅವನು ಸಿಗರೇಟು ಬಿಟ್ಟು ಹತ್ತು ವರ್ಷವಾಗಿದೆ.

ದೇವಿಯ ಹೆಸರು ಮಾತೆರ್ ಮಾತೂತಾ. ಹಳೆಯ ರೋಮಿನವಳು, ಬೆಳಗಿನ ಜಾವದ ದೇವಿ, ತಾಯಂದಿರ ದೇವಿ. ಶಾಲೆಯಲ್ಲಿ ನಾನು ಓದಿದ ದೇವತೆಗಳಲ್ಲಿ ಇವಳು ಇರಲಿಲ್ಲ. ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಮಂಡಿ ಅಗಲಿಸಿ ಕೂತಿದ್ದಾಳೆ. ತೊಡೆಯ ಮೇಲೆ ಒಂದು ಹುಡುಗಿ. ಎಳೆಗೂಸಲ್ಲ, ಕಾಲು ನೇತಾಡುವಷ್ಟು ದೊಡ್ಡದು. ಆ ಕಾಲಿಗೆ ಬಿಳಿ ಬೂಟು.

ಸಮಿತಿಯ ಗೋಡೆಯ ಮೇಲೆ ಅಂಟಿಸಿದ್ದನ್ನು ನೋಡಿ ಯೋಲೆ ನಕ್ಕಳು. “ನಿಮ್ಮ ದೇವಿ ತಲೆ ಬದನೇಕಾಯಿ ಥರ ಇದೆಯಲ್ಲೇ ವೆಲಿಯಾ.”

ಐವತ್ತು ವರ್ಷ ಇದೇ ಬೀದಿಯಲ್ಲಿ ಹೂವು ಹಾಸಿದವಳು ಹೀಗೆ ನಗುತ್ತಾಳೆ. ನಮ್ಮ ಬೀದಿ ಇಳಿಜಾರು. ಜನ ನೋಡುವುದು ಬೀದಿಯ ಕೆಳತುದಿಯಿಂದ ಮೇಲಕ್ಕೆ. ದೂರ ಹೋದಷ್ಟೂ ಚಿತ್ರ ಕುಗ್ಗುತ್ತದೆ, ಅದಕ್ಕೇ ಹಾಳೆಯಲ್ಲೇ ಹಿಗ್ಗಿಸಬೇಕು. ಪಾದಕ್ಕೆ ಏನೂ ಬೇಡ, ಸೊಂಟಕ್ಕೆ ಅರ್ಧ ಗೇಣು, ತಲೆಗೆ ಪೂರಾ ಒಂದು ಗೇಣು: ಇದು ಅಪ್ಪನ ಲೆಕ್ಕ. ಯೋಲೆಯ ಮನೆಯ ಸಂತರೆಲ್ಲ ಕುಳ್ಳಗೆ ಕಾಣುವುದು ಈ ಲೆಕ್ಕ ಗೊತ್ತಿಲ್ಲದೆ.

ಮನೆಗೆ ಬಂದು ಪ್ರತಿಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಸರಿಯಾಗಿದೆ. ಸೊಂಟಕ್ಕೆ ಅರ್ಧ, ತಲೆಗೆ ಒಂದು. ಅಪ್ಪ ಈ ಲೆಕ್ಕವನ್ನು ಹೇಳಿಕೊಟ್ಟದ್ದು ಮೂರೇ ಜನಕ್ಕೆ: ನನಗೆ, ಎವಾರಿಸ್ತೋಗೆ, ನಿವೆಸ್‌ಗೆ.

ಲತೀನಾದಲ್ಲಿ ನೆಲವೆಲ್ಲ ಸಪಾಟು. ಹೂವು ಹಾಸುವವರೂ ಇಲ್ಲ. ಅಲ್ಲಿ ಕೂತು ಇದನ್ನು ಮಗಳಿಗೆ ಯಾಕೆ ಹೇಳಿಕೊಟ್ಟಳು?

ಮೇ 22, ಸೋಮವಾರ

ಪಾದ್ರಿ ದಾನ್ ಸಿಲ್ವೆರಿಯೋ ಅವರ ಹತ್ತಿರ ಹೋಗಿದ್ದೆ. ಪರಮ ಪ್ರಸಾದ ಎತ್ತಿಕೊಂಡು ನಡೆಯುವ ದಾರಿಯಲ್ಲಿ ಅನ್ಯದೇವತೆಯೇ ಎಂದು ಕೇಳಿದೆ. ಕಳೆದ ವರ್ಷ ಅವರು ಹೂವಿನ ಡ್ರ್ಯಾಗನ್ ಮೇಲೆ, ಅದರ ಹಿಂದಿನ ವರ್ಷ ಊರಿನ ನೀರಿನ ಟ್ಯಾಂಕಿನ ಮೇಲೆ ನಡೆದಿದ್ದರಂತೆ. “ನಾನು ನಿಂತಲ್ಲಿಂದ ತಾಯಿ ಮತ್ತು ಮಗು ಕಾಣುತ್ತೆ ವೆಲಿಯಮ್ಮ. ಇನ್ನೇನು ಕಾಣಬೇಕಿತ್ತು ನಿಮಗೆ?”

ಅವರು ಬೇಡವೆನ್ನಲಿ ಎಂದೇ ನಾನು ಹೋಗಿದ್ದು. ಪಾದ್ರಿಗಳು ಬೇಡವೆನ್ನುತ್ತಿದ್ದ ಕಾಲ ಬೇರೆ.

ಮೇ 25, ಗುರುವಾರ

ಚಿತ್ರ ಒಪ್ಪಿಗೆಯಾಗಿದೆ. ಬದಲಾಯಿಸುವಂತಿದ್ದರೆ ಇಂದೇ ಕೊನೆ. ಬೂಟಿನ ವಿಷಯ ಇತ್ಯರ್ಥ ಮಾಡಬೇಕಿತ್ತು. ಲುಚಿಲ್ಲಾಳ ಫೋನಿನಿಂದ ನಾನೇ ಮಾಡಿದೆ. ಆ ಕಡೆ ಡೋರಿಯಾನಾ, ಲುಚಿಲ್ಲಾ ಎಂದುಕೊಂಡು, ನಗುತ್ತಲೇ ಎತ್ತಿದಳು. ‘ಏಳನೇ ಚೌಕದವರು’ ಎಂದೆ. ನಗು ನಿಂತಿತು. ಧ್ವನಿ ನಿವೆಸ್‌ಳದಲ್ಲ. ಇನ್ನೂ ಗಡಸು. ನಮ್ಮ ಕಡೆಯ ಧ್ವನಿ.

“ಆ ಮಗುಗೆ ಬೂಟು ತೆಗೀಬೇಕು,” ಎಂದೆ. “ಆ ಕಾಲದ ಮಕ್ಕಳಿಗೆ ಬಿಳಿ ಬೂಟು ಎಲ್ಲಿತ್ತು?”

“ಇರಲಿಲ್ಲ,” ಅಂದಳು. “ನನಗಿತ್ತು.”

ಒಲೆಯ ಮೇಲೆ ಪಾತ್ರೆ ಇದೆ ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮೇ 26, ಶುಕ್ರವಾರ

ಬರೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ನಿವೆಸ್ ಊರು ಬಿಟ್ಟ ವರ್ಷ ಡೋರಿಯಾನಾಳ ಪ್ರಥಮ ಪರಮ ಪ್ರಸಾದ, ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವುದು. ಒಂಬತ್ತು ವರ್ಷ. ಹಬ್ಬದ ಮೆರವಣಿಗೆಯಲ್ಲಿ ಪಾದ್ರಿಯ ಹಿಂದೆ, ಎಲ್ಲರಿಗಿಂತ ಮೊದಲು, ಹೂವಿನ ಮೇಲೆ ಕಾಲಿಡುವುದು ಆ ಮಕ್ಕಳೇ. ಬಿಳಿ ಉಡುಪು, ಬಿಳಿ ಬೂಟು. ನಿವೆಸ್‌ಗೆ ಮದುವೆಯಾಗಿರಲಿಲ್ಲ. ಆಗಿನ ಕಾಲ ಈಗಿನಂತಲ್ಲ. ಅಪ್ಪ ಹೋಗಿ ಎರಡು ವರ್ಷವಾಗಿತ್ತು, ಮನೆಯ ಹಿರಿಯಳು ನಾನು. ನಮ್ಮ ಚೌಕ ಬಂದಾಗ ಹುಡುಗಿ ಮುಂದೆ ಬರುವುದು ಬೇಡ, ಹಿಂದಿನಿಂದ ನನ್ನ ಜೊತೆ ಬರಲಿ ಎಂದೆ. ಅಷ್ಟೇ. ಜನರ ಬಾಯಿಗೆ ಮಗು ಸಿಕ್ಕದಿರಲೆಂದು ಹೇಳಿದ್ದು. ನಿವೆಸ್ ಅವಳ ಕೈ ಹಿಡಿದು ಬಸ್ ನಿಲ್ದಾಣಕ್ಕೆ ಇಳಿದು ಹೋದಳು.

ಒಳ್ಳೆಯದಕ್ಕೆಂದು ಹೇಳಿದ ಮಾತು.

ಜೂನ್ 1, ಗುರುವಾರ

ಬೆಟ್ಟದ ಹಳದಿ ಜಿನೆಸ್ತ್ರಾ ಹೂವು ಹದಿನೆಂಟು ಚೀಲ ಬಂತು. ಕಾಡು ಸೋಂಪಿನ ಸೊಪ್ಪು ಹತ್ತು ಚೀಲ. ಬಾಡದಿರಲೆಂದು ಮನೆಯ ಕೆಳಗೆ ಬಂಡೆ ಕೊರೆದ ಗುಹೆಯಲ್ಲಿ ಹರಡಿದ್ದೇವೆ. ಬೆನ್ನು ಮುರಿದಿದೆ.

ಜೂನ್ 6, ಮಂಗಳವಾರ

ಅವಳು ಬಂದಳು. ಚಿತ್ರ ಕೊಡುವಾಗ ಲುಚಿಲ್ಲಾಗೆ ಒಂದು ಷರತ್ತು ಹಾಕಿದ್ದಳಂತೆ, ಹೂವು ತುಂಬಲು ತಾನೂ ಇರಬೇಕು ಎಂದು. ನನಗೆ ಇದನ್ನು ಹೇಳಿದ್ದು ಬಸ್ಸು ನಿಲ್ದಾಣಕ್ಕೆ ಬಂದ ಮೇಲೆ.

ನಲವತ್ತೊಂದು ವರ್ಷದ ಹೆಂಗಸು. ಕೂದಲು ಕತ್ತರಿಸಿಕೊಂಡಿದ್ದಾಳೆ. ಕ್ಯಾನ್ವಾಸ್ ಬೂಟು. ನನ್ನನ್ನು ‘ನೀವು’ ಅನ್ನುತ್ತಾಳೆ, ಬೇರೆ ಏನೂ ಅನ್ನುವುದಿಲ್ಲ. ಮನೆಯೊಳಗೆ ಬರಲಿಲ್ಲ, ಬೀದಿಯಿಂದಲೇ ಗುಹೆಗೆ ಇಳಿದಳು. ಊಟವನ್ನು ಲುಚಿಲ್ಲಾ ಅಲ್ಲಿಗೇ ಒಯ್ದಳು. ಬ್ರೆಡ್ಡು, ಹಂದಿ ಮಾಂಸದ ಪೊರ್ಕೆತ್ತಾ. ಹಬ್ಬದವರೆಗೆ ಲುಚಿಲ್ಲಾಳ ಅಕ್ಕನ ಮನೆಯಲ್ಲಿ ಮಲಗುವುದಂತೆ. ನಮ್ಮ ಮನೆಯಲ್ಲಿ ಮೂರು ಕೋಣೆ ಖಾಲಿ ಇವೆ. ನನಗೇನು.

ಎಲ್ಲರೂ ಕೂತು ಕಾರ್ನೇಷನ್ ದಳ ಬಿಡಿಸಿದೆವು. ಅವಳ ಬೆರಳಿಗೆ ಕೆಲಸ ಗೊತ್ತಿದೆ. ಹೂವಿನ ಕತ್ತು ತಿರುವಿ ಒಂದೇ ಏಟಿಗೆ ಎಳೆಯುತ್ತಾಳೆ. ಎಲ್ಲಿ ಕಲಿತೆ ಎಂದು ಎವಾರಿಸ್ತೋ ಕೇಳಿದ. ಅವಳು ಅವನಿಗೆ ಹೇಳಿದಳು, ನನಗಲ್ಲ. ನಾನು ಅಲ್ಲೇ ಇದ್ದೆ.

“ಅಮ್ಮ ಪ್ರತಿ ಜೂನ್‌ನಲ್ಲೂ ಅಡಿಗೆಮನೆ ನೆಲದ ಮೇಲೆ ಮಾಡ್ತಿದ್ಲು. ಕಾಫಿ ಚರಟ ಉದುರಿಸಿ ಗೆರೆ ಎಳೆಯೋಳು. ನನ್ನನ್ನ ಬಾಗಿಲಲ್ಲಿ ನೆಲದ ಮೇಲೆ ಮಲಗಿಸಿ, ತಲೆ ಸರಿ ಕಾಣ್ತಿದೆಯಾ ನೋಡು ಅನ್ನೋಳು. ಇಳಿಜಾರು ಇರಲಿಲ್ಲವಲ್ಲ, ಹಾಗಾಗಿ ನಾನೇ ತಗ್ಗಿಗೆ ಹೋಗಬೇಕಿತ್ತು. ರಾತ್ರಿ ಊಟಕ್ಕೆ ಮುಂಚೆ ಗುಡಿಸಿಬಿಡೋಳು.”

ಗುಹೆಯಲ್ಲಿ ತಂಡಿ ಹೆಚ್ಚು. ನಾನು ಬೇಗ ಮೇಲೆ ಬಂದೆ.

ಜೂನ್ 8, ಗುರುವಾರ

ಇವತ್ತು ನೇರವಾಗಿ ನನ್ನ ಜೊತೆ ಮಾತಾಡಿದಳು. ನಾನೇ ಕೇಳಿದ್ದು, ಈ ದೇವಿಯನ್ನೇ ಯಾಕೆ ಆರಿಸಿಕೊಂಡೆ, ಬೇರೆ ಸಿಗಲಿಲ್ಲವೇ ಎಂದು.

ಮಾತೂತಾಳ ಹಬ್ಬ ಜೂನ್ ಹನ್ನೊಂದಕ್ಕೆ ಬರುತ್ತಿತ್ತಂತೆ. ಈ ವರ್ಷ ನಮ್ಮ ಹಬ್ಬವೂ ಅದೇ ದಿನ. ಆ ದಿನ ರೋಮಿನ ಹೆಂಗಸರು ಗುಡಿಗೆ ಹೋಗುವಾಗ ಸ್ವಂತ ಮಕ್ಕಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅಕ್ಕತಂಗಿಯರ ಮಕ್ಕಳನ್ನು ಎತ್ತಿಕೊಂಡು, ಅವರಿಗಾಗಿ ಬೇಡಿಕೊಳ್ಳುತ್ತಿದ್ದರಂತೆ.

“ತಮ್ಮ ಮಕ್ಕಳಿಗೆ?” ಎಂದೆ.

“ಅವಕ್ಕೆ ಬೇಡಿಕೊಳ್ಳೋಕೆ ಅಕ್ಕತಂಗಿ ಇರ್ತಾರಲ್ಲ.”

ಇದ್ಯಾವ ಧರ್ಮ ಎಂದೆ. ಅವಳು ದಳ ಬಿಡಿಸುತ್ತಾ ಹೋದಳು. ಎವಾರಿಸ್ತೋ ಕೆಮ್ಮಿದ. ಅವನಿಗೆ ಕೆಮ್ಮು ಇಲ್ಲ.

ಸಂಜೆ ಚರ್ಚಿಗೆ ಹೋಗಿ ಎವಾರಿಸ್ತೋನ ಕೈ ಬೇಗ ಗುಣವಾಗಲೆಂದು ಮೋಂಬತ್ತಿ ಹಚ್ಚಿದೆ. ತುಂಬ ಹೊತ್ತು ಮಂಡಿಯೂರಿದ್ದೆ. ಮನೆಗೆ ಬಂದ ಮೇಲೆ ನೆನಪಾಯಿತು, ಕೈಯ ವಿಷಯ ಕೇಳುವುದನ್ನೇ ಮರೆತಿದ್ದೆ. ನಾಳೆ ಇನ್ನೊಂದು ಹಚ್ಚಬೇಕು.

ಜೂನ್ 9, ಶುಕ್ರವಾರ

ಬೂಟಿಗೆಂದು ಇಟ್ಟಿದ್ದ ಬಿಳಿ ಹೂವು ಹಾಳಾಯಿತು. ಆಫ್ರಿಕಾ ಕಡೆಯ ಬಿಸಿಗಾಳಿ ಬೀಸಿ ಗುಹೆಯೊಳಗೇ ಬಾಡಿ ಕಂದಾಗಿದೆ. ಬೀದಿಯಲ್ಲಿ ಯಾರ ಹತ್ತಿರವೂ ಇಲ್ಲ. ಯೋಲೆಯ ಹತ್ತಿರ ಮಾತ್ರ ಇದೆ, ಕೇಳುವ ಪ್ರಶ್ನೆಯೇ ಇಲ್ಲ.

ಡೋರಿಯಾನಾ ಬಾಡಿದ ಹೂವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. “ಬಿಡಿ. ಬರಿಗಾಲೇ ಇರಲಿ. ನಿಮಗೂ ಅದೇ ಬೇಕಿತ್ತು.”

ಹೌದು, ನನಗೆ ಅದೇ ಬೇಕಿತ್ತು.

ಮಧ್ಯಾಹ್ನ ಮಲಗಿದರೆ ನಿದ್ದೆ ಬರಲಿಲ್ಲ. ಹೋದ ತಿಂಗಳು ಬರೆದಿಟ್ಟದ್ದನ್ನು ತೆಗೆದು ಓದಿದೆ. ಅಲ್ಲಿ ಬರೆದಿರುವುದು ಸರಿಯಿಲ್ಲ. ಹಿಂದಿನಿಂದ ಬರಲಿ ಎಂದು ನಾನು ಹೇಳಲಿಲ್ಲ. ಚೌಕದ ಅಂಚಿನಲ್ಲಿ ನಿಂತು, ಮಕ್ಕಳ ಸಾಲನ್ನು ಕೈ ಅಡ್ಡ ಮಾಡಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಇದು: “ಅಪ್ಪನಿಲ್ಲದ್ದು ನನ್ನ ಹೂವಿನ ಮೇಲೆ ಕಾಲಿಡಕೂಡದು.” ಹುಡುಗಿ ತಲೆ ತಗ್ಗಿಸಿ ತನ್ನ ಬೂಟಿನಲ್ಲಿ ಏನಾದರೂ ಅಂಟಿದೆಯೇ ಎಂದು ನೋಡಿಕೊಂಡಳು. ಒಂದು ಕಾಲೆತ್ತಿ ನೋಡಿದಳು, ಆಮೇಲೆ ಇನ್ನೊಂದು.

ಜನರ ಬಾಯಿ ಎಂದು ಬರೆದಿದ್ದೇನೆ. ಅವತ್ತು ಯಾರೂ ಒಂದು ಮಾತು ಆಡಿರಲಿಲ್ಲ. ಪಾದ್ರಿಯೂ ಆಡಿರಲಿಲ್ಲ, ಯೋಲೆ ಕೂಡ. ಇದ್ದದ್ದು ನನ್ನ ಬಾಯಿ ಒಂದೇ.

ನವೆಂಬರಿನಲ್ಲಿ ಮಂಡಿಯೂ ಚೆನ್ನಾಗೇ ಇತ್ತು.

ಸಂಜೆ ತಾರಸಿಯ ಮೇಲಿನ ಲಿಲ್ಲಿ ಹೂವನ್ನೆಲ್ಲ ಕುಯ್ದೆ. ಸಂತ ಅಂತೋನಿಯ ಹಬ್ಬಕ್ಕೆಂದು ಬೆಳೆಸಿದ್ದು, ಇಪ್ಪತ್ತಾರು ಕಡ್ಡಿ. ಪಾದದ ಜಾಗವನ್ನು ಮಂಕಾಗಿ ಬಿಟ್ಟರೆ ಕೆಳಗಿನಿಂದ ನೋಡುವವರಿಗೆ ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಅದಕ್ಕೇ ಕುಯ್ದದ್ದು. ಬಕೆಟ್ಟನ್ನು ಗುಹೆಯ ಬಾಗಿಲಲ್ಲಿ ಇಟ್ಟು ಬಂದೆ. ಲುಚಿಲ್ಲಾ ತಾರಸಿಗೆ ಹೋಗಿ ಬಂದವಳು ಸೀದಾ ಅಡಿಗೆಗೆ ತೊಡಗಿದಳು. ಬುದ್ಧಿವಂತೆ.

ಜೂನ್ 10, ಶನಿವಾರ

ಸೀಮೆಸುಣ್ಣದ ಗೆರೆ ಎಳೆದಾಯಿತು. ಬೆಳಿಗ್ಗೆಯಿಂದ ಬಗ್ಗಿ ಕೆಲಸ. ನಿಲುವಂಗಿಗೆ ಕೆಂಪು, ಕುರ್ಚಿಗೆ ಹಳದಿ, ಸುತ್ತ ಸೋಂಪಿನ ಹಸಿರು. ಮೈಬಣ್ಣಕ್ಕೆ ಗುಲಾಬಿ ದಳವನ್ನು ನೆರಳಿನಲ್ಲಿ ಒಣಗಿಸಿ ಹೆಚ್ಚಿದ್ದು. ಗಾಳಿಗೆ ಹಾರದಂತೆ ಗಂಟೆಗೊಮ್ಮೆ ನೀರು ಚಿಮುಕಿಸಬೇಕು.

ಬೂಟನ್ನು ಅವಳೇ ಮಾಡಿದಳು. ಲಿಲ್ಲಿಯ ಒಂದೊಂದು ದಳವನ್ನೂ ಒತ್ತಾಗಿ ಜೋಡಿಸಿದಳು. ಬಕಲ್ಲನ್ನೂ ಮಾಡಿದಳು. ಹೌದು, ಆ ಬೂಟಿಗೆ ಬಕಲ್ ಇತ್ತು. ನಾನು ಮರೆತಿದ್ದೆ.

ಕತ್ತಲಾಗುವ ಮೊದಲು ಎವಾರಿಸ್ತೋ ಒಂದೇ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಲು ಹೋಗಿ ಹೂವಿನ ಮೇಲೆಯೇ ಬೀಳುತ್ತಿದ್ದ. ಅವಳು ಅಂಗಿ ಹಿಡಿದು ಎಳೆದಳು. ಇಬ್ಬರೂ ನಗುತ್ತಿದ್ದರು. ಸಣ್ಣವರಿದ್ದಾಗಲೂ ಹೀಗೇ ನಗುತ್ತಿದ್ದರು.

ಬಾಕಿ ಇರುವುದು ಕಣ್ಣು.

ಜೂನ್ 11, ಭಾನುವಾರ

ಬೆಳಕು ಹರಿಯುವಾಗ ಬೀದಿಗೆ ಹೋದೆ. ಅವಳು ಆಗಲೇ ಅಲ್ಲಿದ್ದಳು, ಹೂವಿಗೆ ನೀರು ಚಿಮುಕಿಸುತ್ತಾ.

ನಮ್ಮ ಚೌಕದಲ್ಲಿ ಕಣ್ಣು ಇಡುವುದು ಕೊನೆಗೆ, ಮೊದಲ ಬೆಳಕಿನಲ್ಲಿ. ಕಣ್ಣಿಗೊಂದು ಹಿಡಿ ಕಾಫಿ ಚರಟ, ತಿದ್ದಲು ಅವಕಾಶವಿಲ್ಲ. ಚೆಲ್ಲಿದರೆ ಮುಖವೆಲ್ಲ ಕೆಡುತ್ತದೆ. ಅಪ್ಪ ತಾನು ಇಡುತ್ತಿರಲಿಲ್ಲ. ಎಡಗಣ್ಣು ನನ್ನಿಂದ, ಬಲಗಣ್ಣು ನಿವೆಸ್‌ಳಿಂದ ಇಡಿಸುತ್ತಿದ್ದ. ಮೂವತ್ತೆರಡು ವರ್ಷದಿಂದ ಎರಡನ್ನೂ ನಾನೇ ಇಟ್ಟಿದ್ದೇನೆ, ಒಂದು ಚೂರು ಆಚೀಚೆ ಆಗಿಲ್ಲ.

ಹಲಗೆಯ ಮೇಲೆ ಮಂಡಿಯೂರಿ ಎಡಗಣ್ಣು ಇಟ್ಟೆ. ಡಬ್ಬಿಯನ್ನು ಅವಳ ಕಡೆ ಚಾಚಿದೆ.

“ತಗೋ. ಬಲಗಣ್ಣು ನಿಮ್ಮಮ್ಮಂದು.”

ಅವಳು ಡಬ್ಬಿಯನ್ನು ತೆಗೆದುಕೊಳ್ಳದೆ ನನ್ನ ಮುಖ ನೋಡುತ್ತಿದ್ದಳು.

“ನಾನು ಅವತ್ತು ಆಡಿದ ಮಾತು ತಪ್ಪು,” ಎಂದೆ. “ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.”

ಅವಳು ನೀರಿನ ಪಾತ್ರೆ ಕೆಳಗಿಟ್ಟಳು. ಆಮೇಲೆ, “ಅಮ್ಮ ನೀವು ಬರ್ತೀರಾ ಅಂತ ಕಾಯ್ತಿದ್ಲು, ದೊಡ್ಡಮ್ಮ. ಕೊನೇವರೆಗೂ,” ಅಂದಳು. ಕೋಪವಿಲ್ಲದೆ ಹೇಳಿದಳು. ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಚರಟ ಹಿಡಿಯಲ್ಲಿ ತೆಗೆದುಕೊಂಡು ಬಗ್ಗಿದಳು. ಕಣ್ಣು ಒಂದು ಬೆರಳು ಕೆಳಗೆ, ಒಳಗೆ ಬಂತು. ನಾನಿಟ್ಟ ಕಣ್ಣು ನೆಟ್ಟಗೆ ಬೀದಿಯನ್ನು ನೋಡುತ್ತಿದೆ, ಅವಳಿಟ್ಟದ್ದು ತೊಡೆಯ ಮೇಲಿನ ಹುಡುಗಿಯನ್ನು. ಚಮಚ ತಂದು ಸರಿಮಾಡಲೇ ಎಂದು ಕೇಳಿದಳು. ಬೇಡ ಎಂದೆ. ಯೋಲೆ ಇಡೀ ದಿನ ಆ ಕಣ್ಣಿನ ಬಗ್ಗೆಯೇ ಮಾತಾಡಿದಳು.

ಸಂಜೆ ಆರಕ್ಕೆ ಮೆರವಣಿಗೆ. ದಾನ್ ಸಿಲ್ವೆರಿಯೋ ಮೇಲ್ಕಟ್ಟಿನ ಕೆಳಗೆ ಪರಮ ಪ್ರಸಾದ ಎತ್ತಿಕೊಂಡು ಬಂದರು. ಹಿಂದೆ ಹದಿನಾಲ್ಕು ಮಕ್ಕಳು, ಬಿಳಿ ಉಡುಪಿನಲ್ಲಿ. ಚೌಕದ ಅಂಚಿನಲ್ಲಿ ನಿಲ್ಲುವುದು ಮನೆಯ ಹಿರಿಯರ ಹಕ್ಕು, ನಾನು ನಿಂತಿದ್ದೆ. ಡೋರಿಯಾನಾ ಜನರ ಹಿಂದೆ, ಚರಂಡಿಯ ಕಲ್ಲಿನ ಮೇಲೆ ನಿಂತಿದ್ದಳು. ಮುಂದೆ ಬಾ ಎಂದು ಕರೆದೆ.

“ಇಲ್ಲಿಂದ ಕಾಣ್ಸತ್ತೆ, ಬಿಡಿ.”

“ನೋಡೋದಕ್ಕಲ್ಲ,” ಎಂದು ಹೋಗಿ ಮಣಿಕಟ್ಟು ಹಿಡಿದು ತಂದೆ. ಪಾದ್ರಿಯ ಹಿಂದೆ, ಮಕ್ಕಳ ಮುಂದೆ ನಿಲ್ಲಿಸಿದೆ. ಮಕ್ಕಳು ಕತ್ತೆತ್ತಿ ಅವಳನ್ನು ನೋಡಿದವು. ಮುಂದಿದ್ದ ಹುಡುಗಿ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಿತು. ಮಂಡಿಯಲ್ಲೆಲ್ಲ ಹಳದಿ ಹತ್ತಿದ ಪ್ಯಾಂಟಿನಲ್ಲಿ ಅವಳು ಹೂವಿನ ಮೇಲೆ ನಡೆದಳು. ಬಿಳಿ ಬೂಟಿನ ಹತ್ತಿರ ಬಂದಾಗ ದಾಟಿ ಹೋದಾಳು ಎಂದುಕೊಂಡೆ. ದಾಟಲಿಲ್ಲ. ಒಂದು ಕಾಲು ಇಟ್ಟಳು, ಆಮೇಲೆ ಇನ್ನೊಂದು.

ಯೋಲೆ ನನ್ನ ಕಿವಿಯ ಹತ್ತಿರ ಬಾಗಿದಳು. “ಅದ್ಯಾರೇ, ಅಷ್ಟು ದೊಡ್ಡ ಹುಡುಗಿ?”

“ನನ್ನ ತಂಗಿ ಮಗಳು,” ಎಂದೆ. “ಬರೋದು ಸ್ವಲ್ಪ ತಡ ಆಯ್ತು.”

ಜೂನ್ 12, ಸೋಮವಾರ

ಪದ್ಧತಿಯಂತೆ ಸಂಜೆ ಊರಿನ ಮಕ್ಕಳನ್ನು ಬೀದಿಯ ಮೇಲ್ತುದಿಯಿಂದ ಬಿಟ್ಟರು. ಕೂಗುತ್ತಾ ಓಡಿ ಬಂದು ಎಲ್ಲ ಚೌಕಗಳನ್ನೂ ಕಲಸಿಹಾಕಿದವು. ಏಳನೆಯದು ಎಂಟನೆಯದರಲ್ಲಿ ಸೇರಿಹೋಯಿತು. ಯೋಲೆ ಗೊಣಗಿದಳು. ಪುರಸಭೆಯವರು ಗುಡಿಸಿದರು.

ಡೋರಿಯಾನಾ ನಿನ್ನೆ ನಮ್ಮ ಮನೆಯಲ್ಲೇ ಮಲಗಿದ್ದಳು, ಬೀದಿ ಕಡೆಯ ಕೋಣೆಯಲ್ಲಿ. ಏಳರ ಬಸ್ಸಿಗೆ ಹೋದಳು. ಮುಂದಿನ ವರ್ಷ ತಲೆಯನ್ನು ಅರ್ಧ ಬೆರಳು ಕಡಿಮೆ ಮಾಡಬೇಕೆಂದು ಹೇಳಿದೆ. ತಲೆ ಸರಿಯಾಗೇ ಇತ್ತು ಎಂದು ವಾದಿಸಿದಳು. ಸರಿಯಾಗೇ ಇತ್ತು. ಶನಿವಾರ ನಾನು ಲತೀನಾಕ್ಕೆ ಹೋಗುವುದು ಎಂದಾಗಿದೆ. ನಿವೆಸ್ ಎಲ್ಲಿದ್ದಾಳೆಂದು ಅವಳು ತೋರಿಸುತ್ತಾಳೆ.

ಹೋಗುವಾಗ ಲುಚಿಲ್ಲಾಳ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಕ್ಯಾನ್ವಾಸ್ ಬೂಟು ಇಲ್ಲೇ ಬಾಗಿಲಲ್ಲಿ ಉಳಿದಿದೆ, ಕೆಂಪು, ಹಳದಿ, ಹಸಿರು ಹತ್ತಿ. ಲುಚಿಲ್ಲಾ ಒಗೆಯಲು ಎತ್ತಿಕೊಂಡಳು. ಇಡು ಅಲ್ಲಿ ಎಂದೆ.

ಓಡಾಡುವ ದಾರಿಗೆ ಅಡ್ಡ. ಎರಡು ಸಲ ಎಡವಿದೆ. ಇರಲಿ.